ಮಾಸ್ಟರ್ ಎಂಬ ಹೆಸರಿನ ತಕರಾರು: ಲ್ಯಾಟಿನ್ನಿನ ಇಬ್ಬರು ಯಜಮಾನರು, ಇಂಗ್ಲಿಷಿನ ಒಂದು ಪದ

ಸಾಫ್ಟ್‌ವೇರ್ ಬರೆಯುವವರು ದಿನವೂ ಬಳಸುವ ‘ಗಿಟ್’ ಎಂಬ ಸಾಧನದ ಮುಂದಿನ ದೊಡ್ಡ ಆವೃತ್ತಿಯಾದ 3.0ರಲ್ಲಿ ಒಂದು ಹೆಸರು ಬದಲಾಗಲಿದೆ. ಹೊಸ ರೆಪಾಸಿಟರಿಯನ್ನು, ಅಂದರೆ ಒಂದು ಯೋಜನೆಯ ಕೋಡನ್ನೂ ಅದಕ್ಕೆ ಆದ ಎಲ್ಲ ತಿದ್ದುಪಡಿಗಳ ದಾಖಲೆಯನ್ನೂ ಇಡುವ ಕಣಜವನ್ನು ತೆರೆದಾಗ, ಅದರ ಮೊದಲ ಬ್ರಾಂಚಿಗೆ, ಅಂದರೆ ತಿದ್ದುಪಡಿಗಳು ಸಾಗುವ ಕವಲಿಗೆ, ಇದುವರೆಗೆ ‘ಮಾಸ್ಟರ್’ ಎಂಬ ಹೆಸರು ತಾನಾಗಿ ಬರುತ್ತಿತ್ತು. ಹೊಸ ಆವೃತ್ತಿಯಲ್ಲಿ ‘ಮೇನ್’ ಎಂದು ಬರುತ್ತದೆ. ಗಿಟ್ ಆಧರಿಸಿದ ಅತಿ ದೊಡ್ಡ ತಾಣವಾದ ಗಿಟ್‌ಹಬ್ ಈ ಬದಲಾವಣೆಯನ್ನು 2020ರ ಅಕ್ಟೋಬರ್ 1ರಿಂದಲೇ ಜಾರಿಗೆ ತಂದಿತ್ತು. ಈಗ ಮೂಲ ಸಾಧನವೇ ಆ ದಾರಿ ಹಿಡಿಯುತ್ತಿದೆ.

ಕಾರಣ ಕೇಳಿದರೆ ಸಿಗುವ ಉತ್ತರ ಚಿಕ್ಕದು: ‘ಮಾಸ್ಟರ್’ ಎಂಬುದು ಗುಲಾಮರ ಒಡೆಯನನ್ನು ನೆನಪಿಸುವ ಪದ. ಕನ್ನಡದ ಓದುಗರಿಗೆ ಗೊಂದಲ ಹುಟ್ಟುವುದು ಇಲ್ಲಿಯೇ. ನಮಗೆ ಮಾಸ್ಟರ್ ಎಂದರೆ ಮೊದಲು ನೆನಪಾಗುವುದು ಮೇಷ್ಟ್ರು. ಆಮೇಲೆ ಸ್ಟೇಷನ್ ಮಾಸ್ಟರ್, ಪೋಸ್ಟ್ ಮಾಸ್ಟರ್, ಅಳತೆಪಟ್ಟಿಯನ್ನು ಕೊರಳಿಗೆ ಹಾಕಿಕೊಂಡ ಟೈಲರ್ ಮಾಸ್ಟರ್. ಇಷ್ಟು ಸಾಧುವಾದ ಪದಕ್ಕೆ ಗುಲಾಮಗಿರಿಯ ಕಳಂಕ ಎಲ್ಲಿಂದ ಬಂತು? ಲ್ಯಾಟಿನ್ ಮೂಲವನ್ನು ನೋಡಿದರೆ ವಿವಾದ ಬಗೆಹರಿದೀತು ಎಂದು ಎರಡೂ ಪಕ್ಷದವರು ನಂಬಿದ್ದಾರೆ. ನೋಡಿದರೆ ಅದು ಬಗೆಹರಿಯುವುದಿಲ್ಲ, ಆದರೆ ಅದರ ಸ್ವರೂಪವೇ ಬೇರೆಯಾಗಿ ಕಾಣುತ್ತದೆ.

ಇಬ್ಬರು ಯಜಮಾನರು

ಇಂಗ್ಲಿಷಿನ ‘ಮಾಸ್ಟರ್’ ಎಂಬ ಒಂದು ಪದಕ್ಕೆ ಲ್ಯಾಟಿನ್ನಿನಲ್ಲಿ ಎರಡು ಪದಗಳಿದ್ದವು. ಮೊದಲನೆಯದು ‘ದೊಮಿನುಸ್’. ಮನೆ ಎಂಬ ಅರ್ಥದ ‘ದೊಮುಸ್’ ಪದದ ಬಂಧುವಾದ ಇದು ಮನೆಯ, ಆಸ್ತಿಯ ಮತ್ತು ಆಳುಗಳ ಒಡೆಯನನ್ನು ಸೂಚಿಸುತ್ತಿತ್ತು. ರೋಮಿನ ಗುಲಾಮನು ತನ್ನ ಒಡೆಯನನ್ನು ಕರೆಯುತ್ತಿದ್ದುದು ಹೀಗೆಯೇ. ಎರಡನೆಯದು ‘ಮಗಿಸ್ತೆರ್’. ಹೆಚ್ಚು ಎಂಬ ಅರ್ಥದ ‘ಮಗಿಸ್’ನಿಂದ ಬಂದ ಇದು ಮುಖ್ಯಸ್ಥನನ್ನು, ನಿರ್ದೇಶಕನನ್ನು, ಗುರುವನ್ನು ಹೇಳುತ್ತಿತ್ತು. ಶಾಲೆಯಲ್ಲಿ ಪಾಠ ಹೇಳುವವನು, ಹಡಗು ನಡೆಸುವವನು, ಕುದುರೆ ಪಡೆಯ ನಾಯಕ, ಇವರೆಲ್ಲ ಮಗಿಸ್ತೆರ್‌ಗಳು. ಇದಕ್ಕೆ ಎದುರಾಗಿ ಕಡಿಮೆ ಎಂಬ ಅರ್ಥದ ‘ಮಿನುಸ್’ನಿಂದ ‘ಮಿನಿಸ್ತೆರ್’ ಎಂಬ ಪದವಿತ್ತು. ಅದರ ಅರ್ಥ ಸೇವಕ. ಇಂದಿನ ಮಿನಿಸ್ಟರುಗಳು ತಮ್ಮ ಪದವಿಯ ಹೆಸರಿನ ಅರ್ಥವನ್ನು ಮರೆತಿದ್ದರೆ ಅದಕ್ಕೆ ಲ್ಯಾಟಿನ್ ಹೊಣೆಯಲ್ಲ.

ಇಂಗ್ಲಿಷಿನ ಮಾಸ್ಟರ್ ಹುಟ್ಟಿದ್ದು ಎರಡನೆಯ ಪದದಿಂದ, ಅಂದರೆ ಮಗಿಸ್ತೆರ್‌ನಿಂದ. ಗುಲಾಮರ ಒಡೆಯನನ್ನು ಹೇಳುತ್ತಿದ್ದ ದೊಮಿನುಸ್‌ನ ಸಂತಾನ ಬೇರೆಯೇ ಇದೆ. ವಿವಾದದ ಒಂದು ವಿಚಿತ್ರ ಇಲ್ಲಿದೆ: ಆಪಾದನೆ ಹೊತ್ತಿರುವುದು ಗುರುವಿನ ವಂಶದ ಪದ, ನಿಜವಾದ ಒಡೆಯನ ವಂಶದ ಪದಗಳ ಮೇಲೆ ಯಾರೂ ಬೆರಳು ತೋರಿಸಿಲ್ಲ.

ದೊಮಿನುಸ್ ಸಂತಾನ

ಈ ವಂಶ ದೊಡ್ಡದು. ಡಾಮಿನೇಟ್, ಡಾಮಿನೆಂಟ್, ಡೊಮಿನಿಯನ್ ಎಂಬ ಪದಗಳಲ್ಲಿ ಅಜ್ಜನ ಮುಖ ಹಾಗೆಯೇ ಕಾಣುತ್ತದೆ. ಇಂಟರ್‌ನೆಟ್ ವಿಳಾಸಕ್ಕಾಗಿ ನಾವು ದುಡ್ಡು ಕೊಟ್ಟು ಪಡೆಯುವ ‘ಡೊಮೇನ್’ ಮೊದಲು ಒಡೆಯನ ಜಮೀನಾಗಿತ್ತು. ಎತ್ತರದ ಅಪಾರ್ಟ್‌ಮೆಂಟುಗಳಿಗೆ ಅಮೆರಿಕದವರು ಹೇಳುವ ‘ಕಾಂಡೊಮಿನಿಯಂ’ ಎಂದರೆ ಕೂಡಿ ಹೊಂದಿದ ಒಡೆತನ. ಹೆಣ್ಣುರೂಪವಾದ ‘ದೊಮಿನಾ’ ಫ್ರೆಂಚಿನ ಮೂಲಕ ‘ಡೇಮ್’ ಆಗಿ, ‘ನನ್ನ ಒಡತಿ’ ಎಂಬ ಅರ್ಥದ ‘ಮೇಡಂ’ ಆಯಿತು. ಕಚೇರಿಯಿಂದ ತರಕಾರಿ ಗಾಡಿಯವರೆಗೆ ದಿನಕ್ಕೆ ನೂರು ಸಲ ಕೇಳಿಬರುವ ಈ ಪದದ ಒಳಗೆ ರೋಮಿನ ಮನೆಯೊಡತಿ ಕುಳಿತಿದ್ದಾಳೆ. ಸ್ಪೇನಿನಲ್ಲಿ ಗೌರವಸೂಚಕವಾಗಿದ್ದ ‘ಡಾನ್’, ಆಕ್ಸ್‌ಫರ್ಡಿಗೆ ಹೋಗಿ ಕಾಲೇಜಿನ ಅಧ್ಯಾಪಕನಾದ. ಇಟಲಿ ಮತ್ತು ಅಮೆರಿಕದ ದಾರಿಯಲ್ಲಿ ಪಾತಕ ಲೋಕದ ಮುಖಂಡನಾಗಿ ನಮ್ಮ ಸಿನಿಮಾಗಳನ್ನು ಸೇರಿಕೊಂಡ.

ಎರಡು ಪದಗಳು ಇನ್ನೂ ದೂರ ನಡೆದಿವೆ. ಕೋಟೆಯ ನಡುವೆ ಒಡೆಯ ವಾಸಿಸುತ್ತಿದ್ದ ಗೋಪುರವನ್ನು ಫ್ರೆಂಚರು ‘ಡಾಂಜಾನ್’ ಎಂದರು. ಇಂಗ್ಲಿಷಿನಲ್ಲಿ ಅದೇ ಪದ ಗೋಪುರದಿಂದ ಕೆಳಗಿಳಿದು ಅದರ ಬುಡದ ಸೆರೆಮನೆಯಾದ ‘ಡಂಜನ್’ ಆಯಿತು. ‘ಡೇಂಜರ್’ ಕೂಡ ಮೊದಲು ಅಪಾಯವಾಗಿರಲಿಲ್ಲ. ಒಡೆಯನಿಗೆ ಇರುವ ಅಧಿಕಾರವಾಗಿತ್ತು. ಒಬ್ಬನ ‘ಡೇಂಜರಿನಲ್ಲಿ’ ಇರುವುದೆಂದರೆ ಅವನ ಕೈಕೆಳಗೆ ಇರುವುದು, ಅವನು ಹಾನಿ ಮಾಡಲು ಮನಸ್ಸು ಮಾಡಿದರೆ ತಪ್ಪಿಸಿಕೊಳ್ಳಲಾಗದಿರುವುದು. ಅಧಿಕಾರವು ಅಪಾಯವಾಗಿ ಅರ್ಥ ಬದಲಿಸಲು ಹೆಚ್ಚು ಕಾಲ ಬೇಕಾಗಲಿಲ್ಲ. ಊರ ಹೊರಗಿನ ಟ್ರಾನ್ಸ್‌ಫಾರ್ಮರಿಗೆ ನೇತುಹಾಕಿದ ಕೆಂಪು ತಗಡಿನಲ್ಲಿ ತಲೆಬುರುಡೆ ಮತ್ತು ಎರಡು ಮೂಳೆಗಳ ಜೊತೆ ಬರೆದಿರುವ ಪದ, ಮೂಲದಲ್ಲಿ, ‘ಒಡೆಯ ಇದ್ದಾನೆ’ ಎಂಬ ಎಚ್ಚರಿಕೆಯೇ.

ರೋಮನ್ನರಿಗೆ ಈ ಪದದ ಕಹಿ ಗೊತ್ತಿತ್ತು. ಮೊದಲ ಚಕ್ರವರ್ತಿ ಅಗಸ್ಟಸ್ ತನ್ನನ್ನು ದೊಮಿನುಸ್ ಎಂದು ಕರೆಯುವುದನ್ನು ಅವಮಾನವೆಂದೇ ಭಾವಿಸಿ ನಿರಾಕರಿಸಿದ್ದನು, ಏಕೆಂದರೆ ಸ್ವತಂತ್ರ ಪ್ರಜೆಗಳಿಗೆ ದೊಮಿನುಸ್ ಇರುವುದಿಲ್ಲ, ಗುಲಾಮರಿಗೆ ಮಾತ್ರ ಇರುತ್ತಾನೆ. ಕ್ರಿ.ಶ. 284ರಲ್ಲಿ ಪಟ್ಟಕ್ಕೆ ಬಂದ ಡಯೋಕ್ಲೀಷಿಯನ್‌ನ ಕಾಲಕ್ಕೆ ಆ ಸಂಕೋಚ ಉಳಿದಿರಲಿಲ್ಲ. ಅವನಿಂದ ಆರಂಭವಾದ ಆಳ್ವಿಕೆಯ ರೀತಿಗೆ ಇತಿಹಾಸಕಾರರು ‘ಡಾಮಿನೇಟ್’ ಎಂದೇ ಹೆಸರಿಟ್ಟಿದ್ದಾರೆ. ಕ್ರೈಸ್ತರು ದೇವರನ್ನು ದೊಮಿನುಸ್ ಎಂದು ಕರೆದ ಮೇಲೆ ಪದಕ್ಕೆ ಪಾವಿತ್ರ್ಯ ಬಂತು. ಇಸವಿಯ ಜೊತೆ ಬರೆಯುತ್ತಿದ್ದ ‘ಆನೋ ದೊಮಿನಿ’ ಎಂಬುದು ಆ ಒಡೆಯನ ವರ್ಷ. ಮಂಗಳೂರಿನ ಕಡೆಯ ಡೊಮಿನಿಕ್ ಎಂಬ ಹೆಸರು ಆ ಒಡೆಯನಿಗೆ ಸೇರಿದವನೆಂದು.

ಇದು ಕನ್ನಡಕ್ಕೆ ತೀರ ಪರಕೀಯವಾದ ದಾರಿಯಲ್ಲ. ನಮ್ಮ ‘ಸ್ವಾಮಿ’ ನಡೆದದ್ದೂ ಹೀಗೆಯೇ. ತನ್ನದು ಎಂಬ ಅರ್ಥದ ‘ಸ್ವ’ದಿಂದ ಹುಟ್ಟಿದ ಈ ಸಂಸ್ಕೃತ ಪದ ಮೊದಲು ಆಸ್ತಿಯುಳ್ಳವನನ್ನು ಹೇಳಿತು, ಆಮೇಲೆ ದೇವರಿಗೆ ಸಂದಿತು, ಕೊನೆಗೆ ‘ಬಸ್ಸು ಎಷ್ಟೊತ್ತಿಗೆ ಸ್ವಾಮಿ?’ ಎಂದು ಅಪರಿಚಿತರನ್ನು ಕೇಳುವ ಮಾತಾಯಿತು. ಹಳೆಯ ಅರ್ಥ ಮಾತ್ರ ಏಕಸ್ವಾಮ್ಯ, ಹಕ್ಕುಸ್ವಾಮ್ಯ ಎಂಬ ಕಾನೂನಿನ ಪದಗಳಲ್ಲಿ ಗಟ್ಟಿಯಾಗಿ ಉಳಿದಿದೆ. ಇನ್ನೂ ಹತ್ತಿರದ ನಂಟೊಂದಿದೆ. ಲ್ಯಾಟಿನ್ನಿನ ದೊಮುಸ್‌ಗೂ ವೇದಭಾಷೆಯ ‘ದಮ’ ಎಂಬ ಮನೆಗೂ ಮೂಲ ಒಂದೇ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಆ ‘ದಮ’ದ ಪತಿ, ಅಂದರೆ ಮನೆಯ ಯಜಮಾನ, ವೇದದಲ್ಲಿ ‘ದಂಪತಿ’. ಗ್ರೀಕಿನಲ್ಲಿ ಅದೇ ಪದ ‘ದೆಸ್ಪೋತೆಸ್’ ಆಗಿ, ಇಂಗ್ಲಿಷಿನ ‘ಡೆಸ್ಪಾಟ್’, ಅಂದರೆ ನಿರಂಕುಶ ಪ್ರಭು, ಎಂಬ ಬೈಗುಳವಾಯಿತು. ಮದುವೆಯ ಕರೆಯೋಲೆಯಲ್ಲಿ ಹಾರೈಕೆ ಪಡೆಯುವ ದಂಪತಿಗೂ ಡೆಸ್ಪಾಟಿಗೂ ಮೂಲದಲ್ಲಿ ವ್ಯತ್ಯಾಸವಿಲ್ಲ. ಪದದ ಹುಟ್ಟು ಅದರ ನಡತೆಗೆ ಜಾಮೀನಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಹುಡುಕಬೇಕಾಗಿಲ್ಲ.

ಒಡೆಯನ ಕೆಲಸವನ್ನು ಇಂದಿಗೂ ಮಾಡುವ ಪದ

ದೊಮಿನುಸ್ ಸಂತಾನದಲ್ಲಿ ಹೆಚ್ಚಿನವು ಹಲ್ಲು ಕಳೆದುಕೊಂಡಿವೆ, ಆದರೆ ಎಲ್ಲವೂ ಅಲ್ಲ. ಡಚ್ ನ್ಯಾಯಶಾಸ್ತ್ರಜ್ಞ ಹ್ಯೂಗೊ ಗ್ರೋಷಿಯಸ್ 1625ರಲ್ಲಿ ಲ್ಯಾಟಿನ್ನಿನಲ್ಲಿ ಬರೆಯುತ್ತ, ಪ್ರಜೆಯ ಆಸ್ತಿಯ ಮೇಲೆ ಪ್ರಭುತ್ವಕ್ಕೆ ಇರುವ ಮೇಲ್ಮಟ್ಟದ ಒಡೆತನಕ್ಕೆ ಒಂದು ಹೆಸರು ಕೊಟ್ಟ. ಇಂಗ್ಲಿಷಿನಲ್ಲಿ ಅದು ‘ಎಮಿನೆಂಟ್ ಡೊಮೇನ್’. ನಮ್ಮಲ್ಲಿ 1894ರ ಭೂಸ್ವಾಧೀನ ಕಾಯ್ದೆಯೂ ಅದರ ಜಾಗಕ್ಕೆ ಬಂದ 2013ರ ಕಾಯ್ದೆಯೂ ನಿಂತಿರುವುದು ಈ ತತ್ತ್ವದ ಮೇಲೆ: ಸಾರ್ವಜನಿಕ ಉದ್ದೇಶಕ್ಕೆಂದು, ಪರಿಹಾರ ಕೊಟ್ಟು, ಸರ್ಕಾರವು ಖಾಸಗಿ ಜಮೀನನ್ನು ತೆಗೆದುಕೊಳ್ಳಬಹುದು. ‘ಸ್ವಾಧೀನ’ ಎಂಬ ನಮ್ಮ ಪದವೂ ತನ್ನ ಅಧೀನಕ್ಕೆ ತರುವುದು ಎಂದೇ ಹೇಳುತ್ತದೆ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಕೈಗಾರಿಕೆಗೆಂದು 1,777 ಎಕರೆ ಪಡೆಯಲು ಹೊರಟ ಸರ್ಕಾರ, ಮೂರು ವರ್ಷ ಮೀರಿದ ರೈತ ಹೋರಾಟದ ಬಳಿಕ 2025ರ ಜುಲೈ 15ರಂದು ಆ ಪ್ರಕ್ರಿಯೆಯನ್ನು ಕೈಬಿಡುವುದಾಗಿ ಪ್ರಕಟಿಸಿತು. ಅಲ್ಲಿ ರೈತರು ಪ್ರಶ್ನಿಸಿದ್ದು ಒಡೆತನ ಯಾರದು ಎಂಬುದನ್ನು. ಆ ಅಧಿಕಾರದ ಇಂಗ್ಲಿಷ್ ಹೆಸರನ್ನಲ್ಲ. ದೊಮಿನುಸ್ ತನ್ನ ಹಳೆಯ ಅರ್ಥದಲ್ಲೇ ಜೀವಂತವಾಗಿರುವ ಈ ಜಾಗದಲ್ಲಿ ಹೆಸರಿನ ಬಗ್ಗೆ ಯಾವ ತಕರಾರೂ ಹುಟ್ಟಲಿಲ್ಲ.

‘ಡೊಮಿನಿಯನ್’ ಪದಕ್ಕೆ ಮಾತ್ರ ಭಾರತದಲ್ಲಿ ನಿಜವಾದ ಪ್ರತಿಭಟನೆ ಎದುರಾಗಿತ್ತು. 1928ರ ನೆಹರೂ ವರದಿ ಡೊಮಿನಿಯನ್ ಸ್ಥಾನಮಾನ ಕೇಳಿತು. 1929ರ ಲಾಹೋರ್ ಅಧಿವೇಶನದಲ್ಲಿ ಕಾಂಗ್ರೆಸ್ ಅದನ್ನು ತಳ್ಳಿ ಪೂರ್ಣ ಸ್ವರಾಜ್ಯ ಎಂದಿತು. ಆದರೂ 1947ರ ಆಗಸ್ಟ್ 15ರಿಂದ 1950ರ ಜನವರಿ 26ರವರೆಗೆ ನಾವು ಕಾನೂನಿನಲ್ಲಿ ಡೊಮಿನಿಯನ್ ಆಗಿಯೇ ಇದ್ದೆವು, ಮೈಸೂರು ಸಂಸ್ಥಾನ ಸೇರಿದ್ದೂ ಡೊಮಿನಿಯನ್ನಿಗೇ. ಅಲ್ಲಿಯೂ ಜಗಳ ಪದದ ಧಾತುವಿನದಾಗಿರಲಿಲ್ಲ. ಆ ಪದ ಬ್ರಿಟಿಷ್ ದೊರೆಯ ಜೊತೆ ಉಳಿಸುತ್ತಿದ್ದ ಸಂಬಂಧದ್ದಾಗಿತ್ತು.

ಮೇಸ್ತ್ರಿ ಮತ್ತು ಮೇಷ್ಟ್ರು

ಮಗಿಸ್ತೆರ್ ವಂಶದ ಸಂಗತಿಯನ್ನು ಬೇಗ ಹೇಳಿ ಮುಗಿಸಬಹುದು. ಮಿಸ್ಟರ್, ಮಿಸ್ಟ್ರೆಸ್, ಮಿಸ್, ಮ್ಯಾಜಿಸ್ಟ್ರೇಟ್, ಸಂಗೀತದ ಮಾಯೆಸ್ತ್ರೊ, ಎಂ.ಎ. ಪದವಿಯ ಮೊದಲ ಅಕ್ಷರ, ಎಲ್ಲವೂ ಇಲ್ಲಿಯವು. ಯುರೋಪಿನ ಕಸುಬುದಾರರ ಸಂಘಗಳಲ್ಲಿ ಕಲಿಯುವ ಹುಡುಗ ವರ್ಷಗಟ್ಟಲೆ ದುಡಿದು, ತನ್ನ ಕೈಚಳಕ ತೋರುವ ಒಂದು ವಸ್ತುವನ್ನು ಮಾಡಿ ಒಪ್ಪಿಸಿದರೆ ಮಾಸ್ಟರ್ ಆಗುತ್ತಿದ್ದ. ‘ಮಾಸ್ಟರ್‌ಪೀಸ್’ ಎಂದರೆ ಆ ವಸ್ತು. ಪೋರ್ಚುಗೀಸರ ‘ಮೆಸ್ತ್ರೆ’ ನಮ್ಮ ಕರಾವಳಿಗೆ ಇಳಿದು ‘ಮೇಸ್ತ್ರಿ’ಯಾಯಿತು, ಬ್ರಿಟಿಷರ ಮಾಸ್ಟರ್ ಶಾಲೆಯ ಬಾಗಿಲಲ್ಲಿ ‘ಮೇಷ್ಟ್ರು’ ಆದರು. ಗಾರೆ ಕೆಲಸದ ಕರಣೆ ಹಿಡಿದವನೂ ಸೀಮೆಸುಣ್ಣ ಹಿಡಿದವನೂ ಒಂದೇ ಲ್ಯಾಟಿನ್ ಅಜ್ಜನ ಮೊಮ್ಮಕ್ಕಳು. ಬಾಲನಟರ ಹೆಸರಿನ ಹಿಂದೆ ಮಾಸ್ಟರ್ ಎಂದು ಹಾಕುವ ರೂಢಿ, ಪುನೀತ್ ರಾಜ್‌ಕುಮಾರ್ ಮೊದಲು ‘ಮಾಸ್ಟರ್ ಲೋಹಿತ್’ ಆಗಿದ್ದಂತೆ, ಚಿಕ್ಕ ಹುಡುಗರನ್ನು ಗೌರವದಿಂದ ಕರೆಯುವ ಇಂಗ್ಲಿಷ್ ಪದ್ಧತಿಯಿಂದ ಬಂದದ್ದು.

ಆದರೆ ಮೇಸ್ತ್ರಿ ಎಲ್ಲೆಡೆಯೂ ಒಬ್ಬನೇ ಅಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮೇಸ್ತ್ರಿ ಎಂದರೆ ಮುಂಗಡ ಕೊಟ್ಟು ಆಳುಗಳನ್ನು ಕರೆತಂದು ಅವರಿಂದ ದುಡಿಸುವವನು. ಗಾರೆ ಮೇಸ್ತ್ರಿಯ ಎದುರು ನಿಂತವನು ಕೆಲಸ ಕಲಿಯುತ್ತಾನೆ, ತೋಟದ ಮೇಸ್ತ್ರಿಯ ಎದುರು ನಿಂತವನು ಸಾಲ ತೀರಿಸುತ್ತಾನೆ. ಪದ ಅದೇ, ಎದುರಿಗೆ ಇರುವವನು ಬೇರೆ. ಇಡೀ ವಿವಾದದ ಬೀಗದ ಕೈ ಈ ವ್ಯತ್ಯಾಸದಲ್ಲಿದೆ.

ಇಬ್ಬರು ಒಬ್ಬನಾದದ್ದು

ಇಂಗ್ಲಿಷಿನಲ್ಲಿ ಮಾಸ್ಟರ್ ತನ್ನ ಗುರುವಿನ ಅರ್ಥದಲ್ಲೇ ಉಳಿದಿದ್ದರೆ ಇಂದಿನ ಗೊಂದಲ ಇರುತ್ತಿರಲಿಲ್ಲ. ಆದರೆ ದೊಮಿನುಸ್ ಮಾಡುತ್ತಿದ್ದ ಕೆಲಸವನ್ನೂ ಅದು ವಹಿಸಿಕೊಂಡಿತು. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಯಾರೂ ಇಬ್ಬರು ಯಜಮಾನರ ಸೇವೆ ಮಾಡಲಾರರು ಎಂಬ ಮಾತಿನಲ್ಲಿ ಲ್ಯಾಟಿನ್ ಪಾಠದಲ್ಲಿರುವುದು ದೊಮಿನುಸ್. ಯೇಸುವನ್ನು ಒಬ್ಬನು ‘ಒಳ್ಳೆಯ ಗುರುವೇ’ ಎಂದು ಕರೆಯುವಲ್ಲಿ ಇರುವುದು ಮಗಿಸ್ತೆರ್. ಇಂಗ್ಲಿಷಿನಲ್ಲಿ ಎರಡೂ ಕಡೆ ಮಾಸ್ಟರ್.

ಇದೇ ಇಂಗ್ಲಿಷ್ ಅಟ್ಲಾಂಟಿಕ್ ದಾಟಿತು. ಅಮೆರಿಕದ ವಸಾಹತುಗಳ ಕಾನೂನಿನಲ್ಲಿ ಗುಲಾಮನ ಎದುರಿನ ಪದ ಮಾಸ್ಟರ್ ಆಯಿತು. ಎದುರು ಬಿದ್ದ ಗುಲಾಮನು ದಂಡನೆಯಲ್ಲಿ ಸತ್ತರೆ ಮಾಸ್ಟರನ ಮೇಲೆ ಘೋರ ಅಪರಾಧ ಹೊರಿಸುವಂತಿಲ್ಲ ಎಂದು ವರ್ಜೀನಿಯಾ 1669ರಲ್ಲಿ ಶಾಸನ ಮಾಡಿತು. ಸುಮಾರು 200 ವರ್ಷ, 1865ರಲ್ಲಿ ಸಂವಿಧಾನದ 13ನೆಯ ತಿದ್ದುಪಡಿ ಗುಲಾಮಗಿರಿಯನ್ನು ರದ್ದು ಮಾಡುವವರೆಗೆ, ಲಕ್ಷಾಂತರ ಜನರ ಬಾಯಲ್ಲಿ ಮಾಸ್ಟರ್ ಎಂದರೆ ತಮ್ಮನ್ನು ಮಾರಬಲ್ಲವನು. ಆ ಜನರ ಸಂತತಿಗೆ ಆ ಪದ ಕಿವಿಗೆ ಬಿದ್ದಾಗ ಮಗಿಸ್ತೆರ್ ನೆನಪಾಗಬೇಕು ಎಂದು ನಿರೀಕ್ಷಿಸುವುದು, ‘ಧಣಿ’ ಎಂಬ ಪದ ಸಂಸ್ಕೃತದ ‘ಧನಿಕ’ನಷ್ಟೇ ಎಂದು ಜೀತಕ್ಕಿದ್ದವನ ಮಗನಿಗೆ ಪಾಠ ಮಾಡಿದಂತೆ.

ಗಡಿಯಾರಕ್ಕೂ ಗುಲಾಮ

ಯಂತ್ರಗಳಿಗೆ ಮಾಸ್ಟರ್ ಮತ್ತು ಸ್ಲೇವ್, ಅಂದರೆ ಗುಲಾಮ, ಎಂಬ ಈ ಜೋಡಿ ಹೇಗೆ ಅಂಟಿತು ಎಂಬುದು ಬೇರೆಯೇ ಪ್ರಸಂಗ. ತಾಂತ್ರಿಕ ಬರಹಗಳಲ್ಲಿ ಈ ರೂಪಕದ ಆರಂಭದ ಬಳಕೆಗಳಲ್ಲೊಂದು 1904ರದು. ದಕ್ಷಿಣ ಆಫ್ರಿಕದ ಕೇಪ್ ಆಫ್ ಗುಡ್ ಹೋಪ್ ವೀಕ್ಷಣಾಲಯದ ಖಗೋಳಜ್ಞ ಡೇವಿಡ್ ಗಿಲ್, ಒಂದು ಮುಖ್ಯ ಲೋಲಕದ ಜೊತೆ ಹೆಜ್ಜೆ ಹಾಕುವ ಇನ್ನೊಂದು ಗಡಿಯಾರವನ್ನು ಗುಲಾಮ ಎಂದು ವರ್ಣಿಸಿದ. ಅದೇ ಕೇಪಿನಲ್ಲಿ 1834ರವರೆಗೆ ಕಾನೂನುಬದ್ಧ ಗುಲಾಮಗಿರಿ ಇತ್ತು. 1921ರಲ್ಲಿ ಬಂದ ಶಾರ್ಟ್ ಗಡಿಯಾರದಲ್ಲಿ ಈ ಜೋಡಿ ಸ್ಥಿರವಾಯಿತು: ಗಾಳಿ ತೆಗೆದ ಕೊಳವೆಯಲ್ಲಿ ಮಾಸ್ಟರ್ ಲೋಲಕ ಏನೂ ಮಾಡದೆ ಸುಮ್ಮನೆ ತೂಗುತ್ತದೆ, ಎಣಿಸುವುದು, ಮುಳ್ಳು ತಿರುಗಿಸುವುದು, ಅರ್ಧ ನಿಮಿಷಕ್ಕೊಮ್ಮೆ ಮಾಸ್ಟರಿಗೆ ತಳ್ಳು ಕೊಡಿಸುವುದು ಎಲ್ಲ ಗುಲಾಮ ಗಡಿಯಾರದ ಪಾಲು. ರೂಪಕ ಕಟ್ಟಿದವರಿಗೆ ಸಮಾಜದ ಪರಿಚಯ ಚೆನ್ನಾಗಿಯೇ ಇತ್ತು ಎನ್ನಬೇಕು.

ಅಲ್ಲಿಂದ ಮುಂದೆ ವಾಹನಗಳ ಕ್ಲಚ್ಚಿಗೆ ಮಾಸ್ಟರ್ ಸಿಲಿಂಡರ್, ಸ್ಲೇವ್ ಸಿಲಿಂಡರ್ ಬಂದವು. 1990ರ ದಶಕದಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಕೊಂಡು ಕಂಪ್ಯೂಟರ್ ಜೋಡಿಸಿದವರಿಗೆ ಹಾರ್ಡ್ ಡಿಸ್ಕಿನ ಹಿಂಬದಿಯ ಜಂಪರ್ ನೆನಪಿರುತ್ತದೆ: ಅಕ್ಕಿಕಾಳಿನಷ್ಟು ಪ್ಲಾಸ್ಟಿಕ್ ತುಣುಕನ್ನು ಉಗುರಿನಲ್ಲಿ ಕಿತ್ತು, ಒಂದು ಡಿಸ್ಕಿಗೆ ಮಾಸ್ಟರ್ ಎಂಬ ಜೋಡಿ ಮೊಳೆಗಳ ಮೇಲೂ ಇನ್ನೊಂದಕ್ಕೆ ಸ್ಲೇವ್ ಎಂಬಲ್ಲಿಯೂ ಕೂರಿಸಬೇಕಿತ್ತು. ಎರಡನ್ನೂ ಮಾಸ್ಟರ್ ಮಾಡಿದರೆ ಗಣಕ ಎರಡನ್ನೂ ಸರಿಯಾಗಿ ಗುರುತಿಸುತ್ತಿರಲಿಲ್ಲ. ಗಮನಿಸಬೇಕಾದ್ದೆಂದರೆ, ಅಲ್ಲಿ ಮಾಸ್ಟರ್ ಡಿಸ್ಕು ಸ್ಲೇವ್ ಡಿಸ್ಕಿಗೆ ಯಾವ ಆಜ್ಞೆಯನ್ನೂ ಕೊಡುತ್ತಿರಲಿಲ್ಲ. ಒಂದೇ ತಂತಿಯಲ್ಲಿ ಅವು ಮೊದಲನೆಯದು, ಎರಡನೆಯದು ಅಷ್ಟೆ. ಹೆಸರು ನೋವುಂಟುಮಾಡುವಂಥದ್ದು ಮಾತ್ರವಲ್ಲ, ತಪ್ಪು ಕೂಡ ಆಗಿತ್ತು.

ಗಿಟ್ಟಿನ ಮಾಸ್ಟರ್ ಈ ಸಾಲಿಗೆ ಸೇರುತ್ತದೆಯೇ? 2005ರಲ್ಲಿ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಕರ್ತೃ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆದಾಗ ಅದರಲ್ಲಿ ಸ್ಲೇವ್ ಎಂಬ ಬ್ರಾಂಚ್ ಇರಲಿಲ್ಲ, ಇಂದಿಗೂ ಇಲ್ಲ. ಗಿಟ್ಟಿಗಿಂತ ಮೊದಲು ಲಿನಕ್ಸ್ ತಂಡ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಸಾಧನದ ದಾಖಲೆಗಳಲ್ಲಿ ಮಾಸ್ಟರ್ ಮತ್ತು ಸ್ಲೇವ್ ರೆಪಾಸಿಟರಿಗಳ ಮಾತಿತ್ತು, ಆದ್ದರಿಂದ ಹೆಸರು ಅಲ್ಲಿಂದ ಬಂದಿರಬೇಕು ಎಂಬುದು ಒಂದು ವಾದ. ಆರಂಭದ ಗಿಟ್ ಸಾಧನಗಳಲ್ಲಿ ಆ ಹೆಸರಿಟ್ಟ ಜೆಕ್ ಪ್ರೋಗ್ರಾಮರ್ ಪೆಟ್ರ್ ಬೌಡಿಶ್, ತಮ್ಮ ಮನಸ್ಸಿನಲ್ಲಿದ್ದುದು ಧ್ವನಿಮುದ್ರಣದ ಮಾಸ್ಟರ್ ಪ್ರತಿ ಎಂದು 2020ರಲ್ಲಿ ಹೇಳಿದರು. ‘ಮೇನ್’ ಎಂದೇ ಇಟ್ಟಿದ್ದರೆ ಚೆನ್ನಾಗಿತ್ತು ಎಂದು ಹಲವು ಸಲ ಅನಿಸಿದೆ ಎಂದೂ ಸೇರಿಸಿದರು.

ವಾದ, ಪ್ರತಿವಾದ

ಬದಲಾವಣೆ 2020ರಲ್ಲಿ ಆರಂಭವಾದದ್ದಲ್ಲ. ಸರಬರಾಜು ಮಾಡುವ ಉಪಕರಣಗಳ ಮೇಲೆ ಮಾಸ್ಟರ್, ಸ್ಲೇವ್ ಎಂಬ ಚೀಟಿ ಬೇಡವೆಂದು ಲಾಸ್ ಏಂಜಲೀಸ್ ಕೌಂಟಿ 2003ರಲ್ಲಿಯೇ ಮಾರಾಟಗಾರರನ್ನು ಕೋರಿತ್ತು. 2014ರಲ್ಲಿ ವೆಬ್ ತಾಣ ಕಟ್ಟುವ ಸಾಧನವಾದ ಜ್ಯಾಂಗೊ, 2018ರಲ್ಲಿ ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್ ಆ ಜೋಡಿಯನ್ನು ಬಿಟ್ಟವು. 2015ರ ಕೊನೆಯಿಂದ 2016ರ ನಡುವೆ ಪ್ರಿನ್ಸ್‌ಟನ್, ಹಾರ್ವರ್ಡ್ ಮತ್ತು ಯೇಲ್ ವಿಶ್ವವಿದ್ಯಾಲಯಗಳು ವಿದ್ಯಾರ್ಥಿನಿಲಯಗಳ ಮುಖ್ಯಸ್ಥರಿಗಿದ್ದ ಮಾಸ್ಟರ್ ಎಂಬ ಪದನಾಮವನ್ನು ಕೈಬಿಟ್ಟವು. 2020ರ ಮೇ 25ರಂದು ಅಮೆರಿಕದ ಕಪ್ಪು ವ್ಯಕ್ತಿ ಜಾರ್ಜ್ ಫ್ಲಾಯ್ಡ್ ಪೊಲೀಸನ ಮೊಣಕಾಲಿನ ಕೆಳಗೆ ಸತ್ತ ಮೇಲೆ ಇದು ವೇಗ ಪಡೆಯಿತು. ಜುಲೈನಲ್ಲಿ ಲಿನಕ್ಸ್‌ನ ತಿರುಳಾದ ಕರ್ನೆಲ್‌ನ ತಂಡ ಹೊಸ ಕೋಡಿನಲ್ಲಿ ಮಾಸ್ಟರ್-ಸ್ಲೇವ್ ಬೇಡವೆಂಬ ನಿಯಮ ಒಪ್ಪಿತು, ಅದೇ ವರ್ಷ ಹ್ಯೂಸ್ಟನ್ನಿನ ಮನೆ ಮಾರಾಟಗಾರರ ಸಂಘ ‘ಮಾಸ್ಟರ್ ಬೆಡ್‌ರೂಮ್’ ಅನ್ನು ‘ಪ್ರೈಮರಿ’ ಮಾಡಿತು.

ಬದಲಾವಣೆಯ ಪರವಾಗಿರುವವರ ವಾದ ಸರಳವಾಗಿದೆ. ಸಹೋದ್ಯೋಗಿಗಳಲ್ಲಿ ಕೆಲವರಿಗೆ ಒಂದು ಪದ ಚುಚ್ಚುತ್ತದೆ, ಬದಲಿ ಪದ ಅದಕ್ಕಿಂತ ಚಿಕ್ಕದಾಗಿ ಸ್ಪಷ್ಟವಾಗಿದೆ, ಬೆಲೆ ಕಡಿಮೆ, ಹಾಗಿರುವಾಗ ಹಟವೇಕೆ? ವಿರೋಧಿಸುವವರು ಎರಡು ಬಗೆಯವರು. ಪದಮೂಲವನ್ನು ಮುಂದಿಟ್ಟು, ಮಾಸ್ಟರ್ ಎಂದರೆ ಗುರು ಅಥವಾ ಮೂಲಪ್ರತಿ, ಗುಲಾಮಗಿರಿಗೆ ಸಂಬಂಧವಿಲ್ಲ ಎನ್ನುವವರು ಮೊದಲನೆಯವರು. ಇವರ ಮಾತು ಅರ್ಧ ಸರಿ, ಆದರೆ ಧಾತುವನ್ನೇ ಪ್ರಮಾಣವೆಂದರೆ ಅವರು ‘ಸರ್ವರ್’ ಎಂಬ ಪದಕ್ಕೂ ಉತ್ತರ ಹೇಳಬೇಕಾಗುತ್ತದೆ: ಅದು ಹುಟ್ಟಿದ್ದು ಲ್ಯಾಟಿನ್ನಿನಲ್ಲಿ ಗುಲಾಮ ಎಂಬ ಅರ್ಥವಿದ್ದ ‘ಸೆರ್ವುಸ್’ನಿಂದ. ಅದರ ಎದುರಿನ ‘ಕ್ಲೈಂಟ್’ ಕೂಡ ರೋಮಿನಲ್ಲಿ ದೊಡ್ಡವರ ಆಶ್ರಯದಲ್ಲಿದ್ದವನು. ಗುಲಾಮನೂ ಆಶ್ರಿತನೂ ಸೇರಿ ಇಂಟರ್‌ನೆಟ್ ನಡೆಸುತ್ತಿದ್ದಾರೆ, ಯಾರಿಗೂ ನೋವಾಗಿಲ್ಲ, ಏಕೆಂದರೆ ಆ ಅರ್ಥದಲ್ಲಿ ಅವರನ್ನು ಕರೆದ ನೆನಪು ಬದುಕಿರುವ ಯಾವ ಸಮುದಾಯಕ್ಕೂ ಇಲ್ಲ.

ಎರಡನೆಯ ಬಗೆಯವರ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಹೆಸರು ಬದಲಿಸುವುದು ಸುಲಭ, ಅದಕ್ಕೇ ಕಂಪನಿಗಳು ಅದನ್ನು ಆರಿಸುತ್ತವೆ, ಕಪ್ಪು ಜನರಿಗೆ ಕೆಲಸ ಕೊಡುವುದು, ಬಡ್ತಿ ಕೊಡುವುದು ಕಷ್ಟ, ಅದು ಹಿಂದೆ ಬೀಳುತ್ತದೆ. ಇದಕ್ಕೆ ಚರಿತ್ರೆಯ ಬೆಂಬಲವೂ ಇದೆ. ಕೇಪಿನಲ್ಲಿ 1834ರ ಡಿಸೆಂಬರಿನಲ್ಲಿ ಗುಲಾಮಗಿರಿ ರದ್ದಾದಾಗ ಗುಲಾಮರ ಹೆಸರು ‘ಅಪ್ರೆಂಟಿಸ್’ ಎಂದು ಬದಲಾಯಿತು. 1838ರವರೆಗೆ ಅವರು ಅದೇ ಒಡೆಯನ ಹೊಲದಲ್ಲಿ ಅದೇ ಕೆಲಸವನ್ನು ಸಂಬಳವಿಲ್ಲದೆ ಮಾಡಿದರು. ನಮ್ಮಲ್ಲಿ ವಕೀಲರ ಪರಿಷತ್ತು 2006ರಲ್ಲಿ ‘ಮೈ ಲಾರ್ಡ್’ ಬದಲು ‘ಯುವರ್ ಆನರ್’ ಎನ್ನಲು ನಿಯಮ ಮಾಡಿದ ಮೇಲೂ ನ್ಯಾಯಾಲಯಗಳಲ್ಲಿ ಹಳೆಯ ಸಂಬೋಧನೆ ಕೇಳಿಬರುತ್ತಲೇ ಇದೆ.

ಈ ವಾದಗಳನ್ನು ತೂಗುವಾಗ ಪದದ ಧಾತುವಿಗಿಂತ ಅದರ ಜೋಡಿಯನ್ನು ನೋಡುವುದು ಉಪಯುಕ್ತ. ಮಾಸ್ಟರ್ ಎದುರು ಸ್ಲೇವ್ ಇದ್ದರೆ ಅರ್ಥ ಒಂದೇ, ಮೂಲಪ್ರತಿಯ ನೆಪ ಅಲ್ಲಿ ನಡೆಯುವುದಿಲ್ಲ. ಅಪ್ರೆಂಟಿಸ್ ಇದ್ದರೆ ಸಾಮಾನ್ಯವಾಗಿ ಕಸುಬು, ನಕಲು ಇದ್ದರೆ ಮೂಲಪ್ರತಿ, ವಿದ್ಯಾರ್ಥಿ ಇದ್ದರೆ ಮೇಷ್ಟ್ರು. ‘ಆಳಾಗಿ ದುಡಿ, ಅರಸಾಗಿ ಉಣ್ಣು’ ಎನ್ನುವ ಕನ್ನಡದಲ್ಲಿ ‘ಆಳು’ ಎಂಬ ನಾಮಪದ ಸೇವಕ, ಅದೇ ರೂಪದ ಕ್ರಿಯಾಪದ ರಾಜ್ಯಭಾರ. ನಮಗೆ ಗೊಂದಲವಾಗದಿರುವುದು ಪಕ್ಕದ ಪದದಿಂದ. ಈ ಅಳತೆಯಲ್ಲಿ ಡೇಟಾಬೇಸುಗಳ ಸ್ಲೇವ್ ‘ರೆಪ್ಲಿಕಾ’ ಆದದ್ದು ಎರಡು ರೀತಿಯಲ್ಲಿ ಸರಿ: ನೋವು ತಪ್ಪಿತು, ವರ್ಣನೆಯೂ ನಿಖರವಾಯಿತು, ಏಕೆಂದರೆ ಅದು ನಿಜಕ್ಕೂ ಪ್ರತಿ. ಚಿಪ್ಪುಗಳ ನಡುವಿನ ಸಂಪರ್ಕ ವಿಧಾನವಾದ ಐ2ಸಿ 2021ರಲ್ಲಿ ‘ಕಂಟ್ರೋಲರ್’, ‘ಟಾರ್ಗೆಟ್’ ಎಂದು ಬದಲಾದದ್ದೂ ಹಾಗೆಯೇ. ಜೋಡಿಯಿಲ್ಲದೆ ಒಂಟಿಯಾಗಿ ನಿಂತ ಗಿಟ್ಟಿನ ಮಾಸ್ಟರ್ ವಿರುದ್ಧದ ಮೊಕದ್ದಮೆ ಇದಕ್ಕಿಂತ ದುರ್ಬಲ.

ಮುಂದೇನಾಗುತ್ತದೆ

ಹಾಗಾದರೆ ಗಿಟ್ 3.0ರ ತೀರ್ಮಾನ ಅನಗತ್ಯವೇ? ಹಾಗೆ ಹೇಳಲಾಗದು, ಏಕೆಂದರೆ ಈಗಿನ ನಿಜವಾದ ಸಮಸ್ಯೆ ಅರೆಬರೆ ಬದಲಾವಣೆಯದು. ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಯೊಬ್ಬರು ತಮ್ಮ ಲ್ಯಾಪ್‌ಟಾಪಿನಲ್ಲಿ ಹೊಸ ರೆಪಾಸಿಟರಿ ತೆರೆಯಲು ‘ಗಿಟ್ ಇನಿಟ್’ ಎಂದು ಒತ್ತಿದರೆ ಮಾಸ್ಟರ್ ಬ್ರಾಂಚ್ ಹುಟ್ಟುತ್ತದೆ, ಜೊತೆಗೆ ಈ ಹೆಸರು ಮುಂದೆ ಬದಲಾಗಬಹುದು ಎಂಬ ಸೂಚನೆಯ ಸಾಲುಗಳು ಬರುತ್ತವೆ. ಹೊಸಬರು ಅದನ್ನು ಓದುವುದಿಲ್ಲ. ಗಿಟ್‌ಹಬ್ಬಿನಲ್ಲಿ ತೆರೆದ ರೆಪಾಸಿಟರಿ ಮೇನ್ ಎಂದು ಕಾಯುತ್ತಿರುತ್ತದೆ. ಪಾಠದಲ್ಲಿ ಹೇಳಿಕೊಟ್ಟಂತೆ ಕೋಡನ್ನು ಮೇನಿಗೆ ತಳ್ಳಿದರೆ, ಅಂದರೆ ಗಿಟ್‌ಹಬ್ಬಿಗೆ ಕಳುಹಿಸಿದರೆ, ಮೇನ್ ಎಂಬುದಕ್ಕೆ ಹೊಂದುವುದು ಏನೂ ಇಲ್ಲ ಎಂಬ ದೋಷಸಂದೇಶ ಬರುತ್ತದೆ. ಮಾಸ್ಟರಿಗೆ ತಳ್ಳಿದರೆ ಅಲ್ಲಿ ಎರಡನೆಯ ಬ್ರಾಂಚ್ ಹುಟ್ಟಿ, ತಾಣದ ಮುಖಪುಟದಲ್ಲಿ ಕೋಡೇ ಕಾಣದಿರಬಹುದು. 2020ರಲ್ಲಿ ಬಂದ 2.28ನೆಯ ಆವೃತ್ತಿಯಿಂದ ಈ ಹೆಸರನ್ನು ತಾವೇ ನಿಗದಿ ಮಾಡುವ ಸೌಲಭ್ಯವಿದೆ, ಆದರೆ ಅದನ್ನು ಬಳಸುವವರು ಈಗಾಗಲೇ ವಿಷಯ ತಿಳಿದವರು.

ಎರಡೂ ಕಡೆ ಒಂದೇ ಹೆಸರಾದರೆ ಈ ತೊಡಕು ತಪ್ಪುತ್ತದೆ. ಬೆಲೆ ತೆರಬೇಕಾದವರು, ‘ಮಾಸ್ಟರ್’ ಎಂಬ ಪದವನ್ನೇ ನೇರವಾಗಿ ಬರೆದಿಟ್ಟ ಹಳೆಯ ಸ್ಕ್ರಿಪ್ಟುಗಳನ್ನು ಇಟ್ಟುಕೊಂಡವರು. ಕೋಡನ್ನು ತಾನಾಗಿ ಪರೀಕ್ಷಿಸಿ ಸರ್ವರಿಗೆ ಏರಿಸುವ ಸ್ಕ್ರಿಪ್ಟು ಹೊಸ ರೆಪಾಸಿಟರಿಯಲ್ಲಿ ಮಾಸ್ಟರನ್ನು ಹುಡುಕಿ, ಸಿಗದೆ, ಕೆಲವೊಮ್ಮೆ ಸದ್ದಿಲ್ಲದೆ ನಿಲ್ಲುತ್ತದೆ. ಸದ್ದು ಮಾಡಿ ನಿಲ್ಲುವುದು ಪರವಾಗಿಲ್ಲ. ಸುಮ್ಮನೆ ನಿಲ್ಲುವುದನ್ನು ಪತ್ತೆ ಮಾಡಲು ದಿನಗಳು ಬೇಕಾಗುತ್ತವೆ. ಹಳೆಯ ಪಠ್ಯಗಳು, ವಿಡಿಯೊ ಪಾಠಗಳು, ಪ್ರಯೋಗಾಲಯದ ಕೈಪಿಡಿಗಳು ಇನ್ನೂ ಕೆಲವು ವರ್ಷ ಹಳೆಯ ಹೆಸರನ್ನೇ ಹೇಳುತ್ತಿರುತ್ತವೆ.

ಈಗಾಗಲೇ ಇರುವ ರೆಪಾಸಿಟರಿಗಳಿಗೆ ಮಾತ್ರ ಏನೂ ಆಗುವುದಿಲ್ಲ. ಹೊಸ ನಿಯಮ ಹೊಸದಾಗಿ ತೆರೆದವುಗಳಿಗಷ್ಟೇ. ಹಳೆಯವುಗಳ ಹೆಸರು ಬದಲಿಸಬೇಕೋ ಬೇಡವೋ ಎಂಬುದು ಅವುಗಳನ್ನು ನೋಡಿಕೊಳ್ಳುವವರಿಗೆ ಬಿಟ್ಟದ್ದು. ಟೊರ್ವಾಲ್ಡ್ಸ್ ಅವರ ಲಿನಕ್ಸ್ ಕರ್ನೆಲ್ ರೆಪಾಸಿಟರಿಯ ಮುಖ್ಯ ಬ್ರಾಂಚಿನ ಹೆಸರು ಇಂದಿಗೂ ಮಾಸ್ಟರ್, ಮತ್ತು ಮೇನ್ ಎಂಬ ಹೊಸ ಹೆಸರನ್ನು ತರಲಿರುವ ಗಿಟ್ಟಿನ ಸ್ವಂತ ಕೋಡು ಬೆಳೆಯುತ್ತಿರುವುದೂ ಅದೇ ಹೆಸರಿನ ಬ್ರಾಂಚಿನಲ್ಲಿ.